ಗುಳಿಗೆ ಕೊಡುವ ಕೈಗೆ ಲೆಕ್ಕ ತಿಳಿದಿರಬೇಕು

ಪಿಯುಸಿ ವಿಜ್ಞಾನ ಮುಗಿಸಿದ ಮಕ್ಕಳ ಮನೆಗಳಲ್ಲಿ ಪ್ರತಿ ವರ್ಷವೂ ಒಂದು ಮಾತು ಕೇಳಿಬರುತ್ತದೆ: ‘ಮೆಡಿಕಲ್ ಸೀಟು ಸಿಗಲಿಲ್ಲ, ಡಿ.ಫಾರ್ಮಾ ಆದರೂ ಮಾಡಲಿ. ಒಂದು ಔಷಧ ಅಂಗಡಿ ಹಾಕಿದರೆ ಜೀವನಕ್ಕೆ ಸಾಕು.’ ಬೀದರ, ಭಾಲ್ಕಿ, ಔರಾದ ಕಡೆಯ ಪಾಲಕರೂ ಇದಕ್ಕೆ ಹೊರತಲ್ಲ. ಅಂಗಡಿ ಹಾಕುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಅಂಗಡಿಗೂ ಕಿರಾಣಿ ಅಂಗಡಿಗೂ ಇರುವ ಅಂತರ ಏನೆಂಬುದನ್ನು ಕಾಲೇಜಿಗೆ ಹೆಸರು ಹಚ್ಚುವ ಮೊದಲೇ ಮಕ್ಕಳೂ ತಂದೆ ತಾಯಿಯೂ ತಿಳಿದುಕೊಂಡಿರಬೇಕು.

ಭಾತಂಬ್ರಾದಂತಹ ಊರಿನ ಒಬ್ಬ ತಾಯಿ ಅಂಗಡಿಗೆ ಬಂದು, ‘ಅಣ್ಣಾ, ಕೂಸಿಗಿ ಜ್ವರ ಬಂದಾವ್ರೀ, ದವಾ ಕೊಡ್ರಿ’ ಎಂದು ವೈದ್ಯರ ಚೀಟಿ ಮುಂದೆ ಹಿಡಿಯುತ್ತಾಳೆ ಎಂದುಕೊಳ್ಳೋಣ. ಚೀಟಿಯಲ್ಲಿರುವುದು ಪ್ಯಾರಾಸಿಟಮಾಲ್. ಕೂಸಿನ ತೂಕ 10 ಕಿಲೊ. ಮಕ್ಕಳಿಗೆ ಒಂದು ಸಲಕ್ಕೆ ಪ್ರತಿ ಕಿಲೊ ತೂಕಕ್ಕೆ 10ರಿಂದ 15 ಮಿಲಿಗ್ರಾಂ ಎಂಬುದು ರೂಢಿಯ ಲೆಕ್ಕ. ವೈದ್ಯರು 150 ಮಿಲಿಗ್ರಾಂ ಬರೆದಿದ್ದಾರೆ. ಆದರೆ ಇದೇ ಔಷಧ ಮಕ್ಕಳಿಗಾಗಿಯೇ ಹಲವು ಬಗೆಯ ಬಾಟಲಿಗಳಲ್ಲಿ ಬರುತ್ತದೆ. ಒಂದರಲ್ಲಿ 5 ಮಿ.ಲೀ.ಗೆ 125 ಮಿಲಿಗ್ರಾಂ, ಇನ್ನೊಂದರಲ್ಲಿ 5 ಮಿ.ಲೀ.ಗೆ 250, ಹನಿ ಔಷಧದಲ್ಲಿ 1 ಮಿ.ಲೀ.ಗೇ 100. ಮೊದಲನೆಯದಾದರೆ 6 ಮಿ.ಲೀ. ಕುಡಿಸಬೇಕು, ಎರಡನೆಯದಾದರೆ 3, ಹನಿ ಔಷಧವಾದರೆ ಒಂದೂವರೆ ಮಾತ್ರ. ‘6 ಮಿ.ಲೀ. ಕುಡಿಸಮ್ಮಾ’ ಎಂದು ಹೇಳಿ ಹನಿ ಔಷಧದ ಬಾಟಲಿಯನ್ನು ಕೈಗಿತ್ತರೆ ಕೂಸಿನ ಹೊಟ್ಟೆ ಸೇರುವುದು 600 ಮಿಲಿಗ್ರಾಂ, ಅಂದರೆ ಬೇಕಾದುದರ ನಾಲ್ಕು ಪಟ್ಟು. ದಿನಕ್ಕೆ ನಾಲ್ಕು ಸಲದಂತೆ ಎರಡು ಮೂರು ದಿನ ಹೀಗೇ ನಡೆದರೆ ಕೂಸಿನ ಯಕೃತ್ತಿಗೇ ಅಪಾಯ. ವೈದ್ಯರು ಸರಿಯಾಗಿಯೇ ಬರೆದಿದ್ದರು, ಔಷಧವೂ ಒಳ್ಳೆಯದೇ ಇತ್ತು. ತಪ್ಪಿದ್ದು ಎಂಟನೆಯ ತರಗತಿಯ ಭಾಗಾಕಾರ!

ಫಾರ್ಮಸಿಯ ಓದು ಎಂದರೆ ಈ ಭಾಗಾಕಾರವನ್ನು ಎಂದೂ ತಪ್ಪದಂತೆ ರೂಢಿಸಿಕೊಳ್ಳುವುದು. ಅದೇ ಔಷಧ, ಪ್ರಮಾಣ ಮೀರಿದರೆ ವಿಷ. ಈ ಮಾತನ್ನು 16ನೆಯ ಶತಮಾನದಲ್ಲಿಯೇ ಯುರೋಪಿನ ವೈದ್ಯ ಪ್ಯಾರಾಸೆಲ್ಸಸ್ ಹೇಳಿದ್ದ.

ಔಷಧಶಾಸ್ತ್ರ, ಅಂದರೆ ಫಾರ್ಮಕಾಲಜಿ, ಎಂಬ ಹೆಸರು ಕೇಳಿ ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗಳು ಹೆದರುವುದುಂಟು. ಹೆದರಬೇಕಾಗಿಲ್ಲ. ಇಡೀ ಶಾಸ್ತ್ರ ಎರಡು ಪ್ರಶ್ನೆಗಳ ಮೇಲೆ ನಿಂತಿದೆ. ಔಷಧವು ಶರೀರಕ್ಕೆ ಏನು ಮಾಡುತ್ತದೆ? ಶರೀರವು ಔಷಧಕ್ಕೆ ಏನು ಮಾಡುತ್ತದೆ? ನುಂಗಿದ ಗುಳಿಗೆ ಕರುಳಿನಲ್ಲಿ ಹೀರಲ್ಪಡುತ್ತದೆ, ರಕ್ತದ ಮೂಲಕ ಹರಡುತ್ತದೆ, ಬಹುಮಟ್ಟಿಗೆ ಯಕೃತ್ತಿನಲ್ಲಿ ಮಾರ್ಪಡುತ್ತದೆ, ಮೂತ್ರಪಿಂಡದ ದಾರಿಯಾಗಿ ಹೊರಬೀಳುತ್ತದೆ. ಈ ನಾಲ್ಕು ಹೆಜ್ಜೆಗಳನ್ನು ಅರ್ಥ ಮಾಡಿಕೊಂಡವನಿಗೆ ಮನೆಯಲ್ಲಿ ಕಾಣುವ ಎಷ್ಟೋ ಸಂಗತಿಗಳ ಕಾರಣ ತಾನಾಗಿಯೇ ಹೊಳೆಯುತ್ತದೆ.

ಎದೆನೋವಿನ ಒಂದು ಬಗೆಯ ಗುಳಿಗೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಳ್ಳಲು ಹೇಳುವುದೇಕೆ? ನುಂಗಿದರೆ ಅದು ಮೊದಲು ಯಕೃತ್ತನ್ನು ಹಾಯ್ದು ಬಹುಪಾಲು ಅಲ್ಲಿಯೇ ಕರಗಿಹೋಗುತ್ತದೆ. ನಾಲಿಗೆಯ ಕೆಳಗಿಟ್ಟರೆ ನೇರವಾಗಿ ರಕ್ತಕ್ಕೆ ಸೇರುತ್ತದೆ. ಆಮ್ಲೀಯತೆಗೆ ಕೊಡುವ ಪ್ಯಾಂಟೊಪ್ರಜೋಲ್ ಗುಳಿಗೆಯನ್ನು ಮುರಿಯಬಾರದೇಕೆ? ಜಠರದ ಆಮ್ಲದಿಂದ ಅದನ್ನು ಕಾಪಾಡುವುದೇ ಹೊರಗಿನ ಲೇಪ. ಬಸುರಿಯರಿಗೂ ಶಾಲೆಯ ಹುಡುಗಿಯರಿಗೂ ಕೊಡುವ ಕಬ್ಬಿಣದ ಗುಳಿಗೆಯನ್ನು ಚಹಾದ ಜೊತೆ ನುಂಗಬಾರದೇಕೆ? ಚಹಾದಲ್ಲಿರುವ ಟ್ಯಾನಿನ್ ಕಬ್ಬಿಣವನ್ನು ಕಟ್ಟಿಹಾಕಿ ರಕ್ತಕ್ಕೆ ಸೇರಗೊಡುವುದಿಲ್ಲ. ದಿನಕ್ಕೆ ನಾಲ್ಕು ಸಲ ಚಹಾ ಆಗುವ ನಮ್ಮ ಸೀಮೆಯಲ್ಲಿ ಈ ಒಂದು ಮಾತು ಹೇಳದೆ ಗುಳಿಗೆ ಕೊಟ್ಟರೆ ಅರ್ಧ ಕೆಲಸ ಮಾತ್ರ ಆದಂತೆ.

ಉಳಿದರ್ಧ ಕೆಲಸವೇ ಡಿಸ್ಪೆನ್ಸಿಂಗ್, ಅಂದರೆ ಔಷಧವನ್ನು ಅಳೆದು, ಹೆಸರು ಬರೆದು, ತಿಳಿಸಿ ಕೊಡುವ ವಿದ್ಯೆ. ವೈದ್ಯರ ಚೀಟಿಯ ಸಂಕೇತಗಳು ಲ್ಯಾಟಿನ್ನಿನಿಂದ ಬಂದವು. ಬಿ.ಡಿ. ಎಂದರೆ ದಿನಕ್ಕೆ ಎರಡು ಸಲ, ಟಿ.ಡಿ.ಎಸ್. ಎಂದರೆ ಮೂರು ಸಲ, ಎ.ಸಿ. ಎಂದರೆ ಊಟಕ್ಕೆ ಮೊದಲು, ಪಿ.ಸಿ. ಎಂದರೆ ಊಟದ ನಂತರ, ಎಚ್.ಎಸ್. ಎಂದರೆ ಮಲಗುವಾಗ, ಎಸ್.ಓ.ಎಸ್. ಎಂದರೆ ಅಗತ್ಯ ಬಿದ್ದಾಗ ಮಾತ್ರ. ಇವನ್ನು ಕಂಠಪಾಠ ಮಾಡುವುದು ಸುಲಭ. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಕೇಳಿಬರುವ ಬೀದರ ಜಿಲ್ಲೆಯಲ್ಲಿ, ಬಂದವರ ಮನೆಮಾತಿನಲ್ಲಿ ಅವನ್ನು ತಿಳಿಸಿ ಹೇಳುವುದು ಕಷ್ಟದ ಕೆಲಸ. ಹೇಳಿದ್ದನ್ನು ಅವರ ಬಾಯಿಂದಲೇ ಮತ್ತೊಮ್ಮೆ ಹೇಳಿಸಿದರೆ ಇನ್ನೂ ಒಳ್ಳೆಯದು.

ವಾಂತಿಭೇದಿಗೆ ಕೊಡುವ ಓ.ಆರ್.ಎಸ್. ಪೊಟ್ಟಣವನ್ನೇ ನೋಡಿ. 20.5 ಗ್ರಾಂ ಪುಡಿಯನ್ನು ಪೂರ್ತಿ ಒಂದು ಲೀಟರ್ ಶುದ್ಧ ನೀರಿನಲ್ಲಿ ಕದಡಬೇಕು. ಒಂದು ಗ್ಲಾಸಿಗೆ ಇಡೀ ಪೊಟ್ಟಣ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಕೇಡು. ಒಂದು ಲೀಟರ್ ಎಷ್ಟೆಂದು ಮನೆಯ ಪಾತ್ರೆಯ ಲೆಕ್ಕದಲ್ಲಿ ತೋರಿಸಿಕೊಡುವವನೇ ನಿಜವಾದ ಫಾರ್ಮಸಿಸ್ಟ್.

ಒಂದು ಕಾಲದಲ್ಲಿ ನಮ್ಮ ದೇಶದಲ್ಲಿ ಔಷಧ ಕೂಡಿಸಿ ಕೊಡುವವರಿಗೆ ಇಂಥದೇ ಓದು ಬೇಕೆಂಬ ನಿಯಮವಿರಲಿಲ್ಲ. ಕರ್ನಲ್ ಆರ್.ಎನ್. ಚೋಪ್ರಾ ನೇತೃತ್ವದ ಸಮಿತಿ 1931ರಲ್ಲಿ ವರದಿ ಕೊಟ್ಟ ಮೇಲೆ ಕಾನೂನಿನ ದಾರಿ ತೆರೆಯಿತು. 1940ರಲ್ಲಿ ಔಷಧ ಕಾಯ್ದೆ, 1948ರಲ್ಲಿ ಫಾರ್ಮಸಿ ಕಾಯ್ದೆ ಬಂದವು. 2014ರ ಮಾರ್ಚ್ 1ರಿಂದ ಕೆಲವು ಮುಖ್ಯ ಆ್ಯಂಟಿಬಯೋಟಿಕ್ ಮತ್ತು ಕ್ಷಯದ ಔಷಧಗಳು ‘ಎಚ್1’ ಪಟ್ಟಿಗೆ ಸೇರಿವೆ. ಇವನ್ನು ಮಾರಿದಾಗ ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ‘ಗುರುತಿನವರು ಕೇಳಿದರು’ ಎಂದು ಎರಡು ಗುಳಿಗೆ ಕತ್ತರಿಸಿ ಕೊಡುವಂತಿಲ್ಲ.

ಇನ್ನು ಪಾಲಕರಿಗೆ ಎರಡು ಮಾತು. ಡಿ.ಫಾರ್ಮಾ ಎರಡು ವರ್ಷದ ಓದು. ಅದರ ಮೇಲೆ ಕನಿಷ್ಠ ಮೂರು ತಿಂಗಳಲ್ಲಿ 500 ಗಂಟೆಗಳ ಪ್ರಾಯೋಗಿಕ ತರಬೇತಿ ಇದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆಗೆ ಜೀವಶಾಸ್ತ್ರ ಅಥವಾ ಗಣಿತ ಓದಿರಬೇಕು. ಫೀ ಕಟ್ಟುವ ಮೊದಲು ಕಾಲೇಜಿಗೆ ಭಾರತೀಯ ಫಾರ್ಮಸಿ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ವಿಚಾರಿಸಿ; ಮಾನ್ಯತೆ ಇಲ್ಲದ ಕಡೆ ಓದಿದರೆ ಮುಂದೆ ರಾಜ್ಯದಲ್ಲಿ ನೋಂದಣಿ ಸಿಗದು. ತರಬೇತಿಯ 500 ಗಂಟೆಗಳನ್ನು ಬರಿಯ ಸಹಿ ಹಾಕಿಸಿ ಮುಗಿಸಲು ಬಿಡಬೇಡಿ. ಪ್ರಮಾಣಪತ್ರವನ್ನು ಬಾಡಿಗೆಗೆ ಕೊಟ್ಟು ಮನೆಯಲ್ಲಿ ಕೂರುವ ಯೋಚನೆಯಂತೂ ಬೇಡವೇ ಬೇಡ. ಅಂಗಡಿಯಲ್ಲಿ ಫಾರ್ಮಸಿಸ್ಟ್ ಇಲ್ಲದ ದಿನವೇ ಆ ಕೂಸಿನ ಚೀಟಿ ಬರಬಹುದು.

ವಿದ್ಯಾರ್ಥಿಗಳೇ, ಈ ವಾರ ಮನೆಯಲ್ಲಿರುವ ಔಷಧಗಳನ್ನೆಲ್ಲ ಮುಂದಿಟ್ಟುಕೊಂಡು ಒಂದೊಂದರ ಮೇಲೂ ಬರೆದಿರುವ ಔಷಧದ ಹೆಸರು, ಪ್ರಮಾಣ, ಅವಧಿ ಮುಗಿಯುವ ತಿಂಗಳು, ಇಡಬೇಕಾದ ಉಷ್ಣಾಂಶವನ್ನು ಓದಿ ಒಂದು ಹಾಳೆಯಲ್ಲಿ ಬರೆಯಿರಿ. ಅಜ್ಜಿ ಯಾವ ಗುಳಿಗೆಯನ್ನು ಯಾವಾಗ ನುಂಗುತ್ತಾಳೆ ಎಂಬುದನ್ನೂ ಕೇಳಿ ಬರೆದುಕೊಳ್ಳಿ. ಈ ಕೆಲಸ ಬೇಸರವಾಗದಿದ್ದರೆ ಫಾರ್ಮಸಿಯ ಓದು ನಿಮಗೆ ಒಗ್ಗುತ್ತದೆ.