ನಂದಿದ ದೀಪ, ನಂದದ ದೋಷ

ಹಳೆಯ ಕಾರನ್ನು ಅಕ್ಕರೆಯಿಂದ ಉಳಿಸಿಕೊಂಡವರಿಗೆ ಎಂಜಿನ್ನಿನ ಚಿತ್ರವುಳ್ಳ ಹಳದಿ ದೀಪದ ಕಾಟ ಹೊಸತಲ್ಲ. ಒಂದು ದಿನ ಅದು ಹೊತ್ತಿಕೊಳ್ಳುತ್ತದೆ, ನಾಲ್ಕು ದಿನ ಕಳೆದು ತಾನಾಗಿಯೇ ಆರುತ್ತದೆ, ಮತ್ತೆಂದೋ ಮರಳುತ್ತದೆ. ಗ್ಯಾರೇಜಿಗೆ ಒಯ್ದಾಗಲಂತೂ ಏನೂ ಅರಿಯದ ಸಾಧುವಿನಂತೆ ಸುಮ್ಮನಿರುತ್ತದೆ. ಸದಾ ಉರಿಯುವ ದೀಪಕ್ಕಿಂತ ಹೀಗೆ ಬಂದುಹೋಗುವ ದೀಪವೇ ಹೆಚ್ಚು ಸತಾಯಿಸುವುದು.

ಮೊದಲು ಆ ದೀಪದ ಭಾಷೆಯನ್ನು ತಿಳಿಯೋಣ. ಎಂಜಿನ್ನಿನ ಸುತ್ತಲಿನ ಸೆನ್ಸರುಗಳು ಕಳುಹಿಸುವ ವರ್ತಮಾನವನ್ನು ಇಸಿಯು ಎಂಬ ಪುಟ್ಟ ಕಂಪ್ಯೂಟರ್ ಓದುತ್ತಿರುತ್ತದೆ. ಲೆಕ್ಕ ತಪ್ಪಿದರೆ ಒಂದು ಸಂಕೇತವನ್ನು ಬರೆದಿಟ್ಟು ದೀಪ ಹೊತ್ತಿಸುತ್ತದೆ. ಓಬಿಡಿ-2 ಎಂಬ ಈ ಏಕರೂಪ ವ್ಯವಸ್ಥೆ ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಡ್ಡಾಯವಾಯಿತು. ನಮ್ಮಲ್ಲಿ ಇಂಥ ನಿಯಮ 2010ರಿಂದೀಚೆಗೆ, ಭಾರತ್ ಸ್ಟೇಜ್-4ರೊಂದಿಗೆ ಹಂತಹಂತವಾಗಿ ಬಂತು. ಈ ವ್ಯವಸ್ಥೆಯುಳ್ಳ ಕಾರಿನಲ್ಲಿ ಸತತ 3 ಓಡಾಟಗಳಲ್ಲಿ ದೋಷ ಮರುಕಳಿಸದಿದ್ದರೆ ಸಾಮಾನ್ಯವಾಗಿ ದೀಪ ಆರುತ್ತದೆ. ಆದರೆ ಸಂಕೇತವು, ಎಂಜಿನ್ ಸುಮಾರು 40 ಸಲ ತಣಿದು ಬಿಸಿಯಾಗುವವರೆಗೂ ಬೂದಿ ಮುಚ್ಚಿದ ಕೆಂಡದಂತೆ ನೆನಪಿನಲ್ಲಿ ಉಳಿಯುತ್ತದೆ. ದೋಷ ಕಂಡ ಗಳಿಗೆಯಲ್ಲಿ ಕಾರಿನ ವೇಗವೆಷ್ಟು, ಎಂಜಿನ್ನಿನ ಬಿಸಿಯೆಷ್ಟು ಎಂಬುದೂ ಅಲ್ಲಿ ದಾಖಲಾಗಿರುತ್ತದೆ. ಬ್ಯಾಟರಿಯ ಟರ್ಮಿನಲ್ ಕಳಚಿ ದೀಪ ಆರಿಸುವವರು ಅನೇಕ ಕಾರುಗಳಲ್ಲಿ ಈ ಸಾಕ್ಷ್ಯವನ್ನೇ ಅಳಿಸಿಬಿಡುತ್ತಾರೆ.

ಮಂಗಳೂರಿನವರಿಗೆ ಮಲೇರಿಯಾದ ಪರಿಚಯವಿದೆ. ದಿನ ಬಿಟ್ಟು ದಿನ ಬರುವ ಜ್ವರ ಇಳಿದಾಗ ಕಾಯಿಲೆ ವಾಸಿಯಾಯಿತೆಂದು ಯಾವ ವೈದ್ಯರೂ ಹೇಳುವುದಿಲ್ಲ. ಜ್ವರ ಬಂದ ಹೊತ್ತನ್ನು ಕೇಳಿ, ರಕ್ತಪರೀಕ್ಷೆ ಮಾಡಿಸಿಯೇ ಔಷಧಿ ಬರೆಯುತ್ತಾರೆ. ಕಾರಿಗೂ ಈ ವಿವೇಕ ಸಲ್ಲಬೇಡವೇ?

ಬಿಜೈಯಲ್ಲಿ ನನಗೆ ಪರಿಚಿತನಾದ ತರುಣನೊಬ್ಬನ ಬಳಿ ಸುಮಾರು 20 ವರ್ಷ ಹಳೆಯ, ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರಿದೆ. ದೀಪದ ನೆಪದಲ್ಲಿ ಒಂದು ಕಡೆ ಆಕ್ಸಿಜನ್ ಸೆನ್ಸರ್ ಬದಲಾಯಿತು, ಇನ್ನೊಂದು ಕಡೆ ಇಗ್ನಿಷನ್ ಕಾಯಿಲ್ ಬದಲಾಯಿತು; ದೀಪ ಮಾತ್ರ ಬರುತ್ತಲೇ ಇತ್ತು. ಕೊನೆಗೆ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ಬಾನೆಟ್ ತೆರೆಯುವ ಮೊದಲು, "ಯಾವಾಗ ಹೊತ್ತುತ್ತದೆ ಮಾರಾಯ? ಎರಡು ವಾರ ಬರೆದಿಟ್ಟು ತಾ" ಎಂದರಂತೆ. ಬರೆದ ಪುಟ ಓದಿದಾಗ ರಾತ್ರಿ ಮಳೆ ಸುರಿದ ಮರುದಿನ ಬೆಳಗ್ಗೆಯೇ ದೀಪ ಬರುವುದೆಂದು ತಿಳಿಯಿತು. ಅವರು ಎಂಜಿನ್ ಚಾಲೂ ಇಟ್ಟು ವೈರುಗಳ ಕಟ್ಟನ್ನು ಅಲ್ಲಲ್ಲಿ ಮೆಲ್ಲಗೆ ಅಲುಗಾಡಿಸುತ್ತ ಹೋದರು. ಒಂದೆಡೆ ಎಂಜಿನ್ ತಡವರಿಸಿತು. ಅರ್ತ್ ವೈರಿನ ತುದಿ ಹಸಿರು ಕಿಲುಬು ಹಿಡಿದಿತ್ತು. ಉಜ್ಜಿ ಬಿಗಿಗೊಳಿಸಿದ ಮೇಲೆ ಆ ಮಳೆಗಾಲವಿಡೀ ದೀಪ ಬರಲಿಲ್ಲ.

ಕಡಲ ಉಪ್ಪುಗಾಳಿ, ತಿಂಗಳುಗಟ್ಟಲೆ ತೇವ, ವೈರು ಕಡಿಯುವ ಇಲಿ — ಇವು ನಮ್ಮ ಊರಿನ ಕಾರುಗಳ ಮೂರು ಶತ್ರುಗಳು. ಸೆನ್ಸರ್ ಕೆಟ್ಟಿದೆಯೆಂಬ ಸಂಕೇತ ಬಂದರೂ ಕೆಟ್ಟಿರುವುದು ಅದಕ್ಕೆ ಹೋಗುವ ವೈರೋ, ಕನೆಕ್ಟರೋ ಆಗಿರಬಹುದು. ಸಂಕೇತವು ಹುಡುಕಾಟದ ಆರಂಭವೇ ಹೊರತು ತೀರ್ಪಲ್ಲ.

ಹಾಗಾದರೆ ಮೆಕ್ಯಾನಿಕರು ಹುಡುಕದೆ ಬಿಡಿಭಾಗವನ್ನೇಕೆ ಬದಲಾಯಿಸುತ್ತಾರೆ? ನನ್ನ ಅಭಿಪ್ರಾಯದಲ್ಲಿ, ಇದರಲ್ಲಿ ನಮ್ಮೆಲ್ಲರ ಜಿಪುಣತನದ ಪಾಲೂ ಇದೆ. ಬಿಡಿಭಾಗಕ್ಕೆ ಸಾವಿರಾರು ರೂಪಾಯಿಗಳನ್ನು ಮರುಮಾತಿಲ್ಲದೆ ಕೊಡುವ ನಾವು, ಎರಡು ಗಂಟೆ ಯೋಚಿಸಿ ತಂತಿಯೊಂದನ್ನು ಉಜ್ಜಿಕೊಟ್ಟವರಿಗೆ ಐನೂರು ಕೊಡಲು "ಇಷ್ಟಕ್ಕೇ ಇಷ್ಟೇ?" ಎನ್ನುತ್ತೇವೆ. ಯೋಚನೆಗೆ ಬೆಲೆಯಿಲ್ಲದ ಊರಿನಲ್ಲಿ ಊಹೆಗೇ ಬೆಲೆ ತೆರಬೇಕಾಗುತ್ತದೆ. ಕದ್ರಿ ಗುಡ್ಡದ ಕೆಪಿಟಿಯಂಥ ಕಡೆ ಓದಿ ಬರುವ ಹುಡುಗರ ಕೈಯಲ್ಲಿ ಸ್ಕ್ಯಾನರ್ ಇದೆ, ಮಲ್ಟಿಮೀಟರ್ ಇದೆ. ಅವುಗಳನ್ನು ಸಾವಧಾನದಿಂದ ಬಳಸಲು ಕೂಲಿ ದೊರೆಯದಿದ್ದರೆ ಆ ವಿದ್ಯೆ ತುಕ್ಕು ಹಿಡಿಯದೆ ಇನ್ನೇನಾದೀತು?

ಇಲ್ಲಿ ಒಂದು ಎಚ್ಚರಿಕೆಯ ಮಾತು. ಹಳದಿ ದೀಪ ಸ್ಥಿರವಾಗಿದ್ದು ಕಾರು ಸರಿಯಾಗಿ ಓಡುತ್ತಿದ್ದರೆ ಗ್ಯಾರೇಜಿನವರೆಗೆ ನಿಧಾನವಾಗಿ ಸಾಗಬಹುದು. ಅದು ಮಿಣುಕತೊಡಗಿದರೆ ಸಿಲಿಂಡರಿನಲ್ಲಿ ಪೆಟ್ರೋಲು ಸರಿಯಾಗಿ ಉರಿಯುತ್ತಿಲ್ಲವೆಂದು ಅರ್ಥ. ಉರಿಯದ ಇಂಧನವು ಸೈಲೆನ್ಸರ್ ಕೊಳವೆಯಲ್ಲಿರುವ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟೀತು. ಅಂಥ ಕಾರಿನಲ್ಲಿ ಶಿರಾಡಿ ಘಾಟಿ ಏರುವ ಸಾಹಸ ಸಲ್ಲದು. ಆಯಿಲ್ ಒತ್ತಡದ ಅಥವಾ ಅತಿಬಿಸಿಯ ಕೆಂಪು ದೀಪ ಬಂದರಂತೂ ಸುರಕ್ಷಿತ ಜಾಗ ನೋಡಿ ಕೂಡಲೇ ಎಂಜಿನ್ ನಿಲ್ಲಿಸಬೇಕು.

ಮುಂದಿನ ಸಲ ದೀಪ ಬಂದಾಗ ದಿನ, ಹೊತ್ತು, ಮಳೆ, ವೇಗಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಸಂಕೇತವನ್ನು ಅಳಿಸುವ ಮೊದಲು ಗುರುತು ಮಾಡಿಸಿಕೊಳ್ಳಿ. ಬಿಡಿಭಾಗ ಬದಲಿಸಬೇಕೆಂದರೆ "ಪರೀಕ್ಷಿಸಿ ನೋಡಿದಿರಾ?" ಎಂದು ವಿನಯದಿಂದಲೇ ಕೇಳಿ. ಪರೀಕ್ಷಿಸಿದವರಿಗೆ, ಯಾವ ಭಾಗವೂ ಬದಲಾಗದಿದ್ದರೂ, ಅವರ ಕೂಲಿಯನ್ನು ಗೌರವದಿಂದ ಕೊಡಿ.