ಹಿಡಿಯುವವರ ಹೆಸರು ಯಾರು ಕೂಗುತ್ತಾರೆ?

ಕೋಲಾರ ತಾಲ್ಲೂಕಿನ ಕ್ಯಾಲನೂರಿನ ಆಸುಪಾಸಿನಲ್ಲಿ, ರಾಗಿ ಒಕ್ಕಣೆ ಮುಗಿದ ದಿನಗಳಲ್ಲಿ, ಹೊನಲು ಬೆಳಕಿನ ಕಬಡ್ಡಿ ನೋಡಲು ನಿಂತವರಿಗೆ ಈ ದೃಶ್ಯ ಹೊಸದಲ್ಲ. ರೈಡರ್ ನಡುಗೆರೆ ದಾಟಿದೊಡನೆ ಶಿಳ್ಳೆ. ಇಬ್ಬರನ್ನು ಮುಟ್ಟಿ ಮರಳಿದನೆಂದರೆ ಕೇಕೆ. ಅವನನ್ನು ಕೆಡವಿದ ಮೂವರ ಹೆಸರನ್ನು ಮೈಕಿನಲ್ಲಿ ಕೂಗುವವರು ಅಪರೂಪ. ನಾನೂ ಬಹುಕಾಲ ಹಾಗೆಯೇ ಆಟ ನೋಡಿದವನು. ನನ್ನ ಕಣ್ಣು ಹಿಡಿಯುವವರತ್ತ ಹೊರಳಿದ್ದು ನಮ್ಮ ನಾಡಿನ ತರಬೇತುದಾರ ಬಿ.ಸಿ. ರಮೇಶ್ ಅವರ ತಂಡಗಳನ್ನು ಗಮನಿಸತೊಡಗಿದ ಮೇಲೆ.

ಆಟಗಾರರಾಗಿ ಅರ್ಜುನ ಪ್ರಶಸ್ತಿ ಪಡೆದ ರಮೇಶ್, 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಪ್ರೊ ಕಬಡ್ಡಿ ಲೀಗ್ ಗೆದ್ದಾಗ ಸಹಾಯಕ ತರಬೇತುದಾರರಾಗಿದ್ದರು. ಆ ಫೈನಲ್ ಪವನ್ ಸೆಹ್ರಾವತ್ ಎಂಬ ಒಬ್ಬ ರೈಡರನ 22 ಅಂಕಗಳ ಕಥೆ ಎಂಬುದನ್ನು ಒಪ್ಪಲೇಬೇಕು. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಅಹಮದಾಬಾದಿನಲ್ಲಿ ನಡೆದದ್ದು ಬೇರೆ. ರಮೇಶ್ ಮುಖ್ಯ ತರಬೇತುದಾರರಾಗಿದ್ದ ಬೆಂಗಾಲ್ ವಾರಿಯರ್ಸ್ ತಂಡದ ನಾಯಕ, ಪ್ರಮುಖ ರೈಡರ್ ಮಣಿಂದರ್ ಸಿಂಗ್ ಗಾಯಗೊಂಡು ಹೊರಗುಳಿದಿದ್ದರು. ಆದರೂ ತಂಡ ದಬಾಂಗ್ ಡೆಲ್ಲಿಯನ್ನು 39–34ರಿಂದ ಮಣಿಸಿತು.

ಅವರ ಆಟದ ದೃಷ್ಟಿ ಪೂರ್ಣವಾಗಿ ಕಂಡದ್ದು ಪುಣೇರಿ ಪಲ್ಟನ್‌ನಲ್ಲಿ ಎಂಬುದು ನನ್ನ ಅಭಿಪ್ರಾಯ. ಹತ್ತನೆಯ ಆವೃತ್ತಿಯ 22 ಲೀಗ್ ಪಂದ್ಯಗಳಲ್ಲಿ ಆ ತಂಡ ಸೋತದ್ದು ಎರಡರಲ್ಲಿ ಮಾತ್ರ. ರೈಡರ್‌ಗಳ ಪಟ್ಟಿಯ ಮೊದಲ ಸ್ಥಾನದಲ್ಲಿ ಡೆಲ್ಲಿಯ ಆಶು ಮಲಿಕ್ ಇದ್ದರು. ಟ್ಯಾಕಲ್ ಪಟ್ಟಿಯ ತುದಿಯಲ್ಲಿ ಮಾತ್ರ ಪುಣೆಯ ಇರಾನಿ ಆಟಗಾರ ಮೊಹಮ್ಮದ್‌ರೆಜಾ ಶಾದ್ಲೂಯಿ, 99 ಅಂಕಗಳೊಂದಿಗೆ. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ನಡೆದ ಫೈನಲ್‌ನಲ್ಲಿ ಪುಣೆ ಹರಿಯಾಣ ಸ್ಟೀಲರ್ಸ್ ವಿರುದ್ಧ 28–25ರಿಂದ ಗೆದ್ದಿತು. ಅಂಕಗಳನ್ನು ಎರಡೂ ಕಡೆಯವರು ಎಣಿಸಿ ಎಣಿಸಿ ಕೊಟ್ಟ ಪಂದ್ಯ ಅದು.

ಹಿಡಿತದ ಆಟವೆಂದರೆ ಕೈಗೆ ಸಿಕ್ಕವನ ಮೇಲೆ ಬೀಳುವುದಲ್ಲ. ಏಳು ಮಂದಿ ಕೈಗೆ ಕೈ ಬೆಸೆದು, ಮೂಲೆಯವನ ಹೆಜ್ಜೆಗೆ ಕವರ್‌ನವನ ಹೆಜ್ಜೆ ಸೇರಿಸಿ, ಮೂವತ್ತು ಸೆಕೆಂಡು ಆಸೆ ತಡೆದು ನಿಲ್ಲಬೇಕು. ಸತತ ಎರಡು ದಾಳಿ ಬರಿಗೈಯಲ್ಲಿ ಮರಳಿದರೆ ಮೂರನೆಯದು ‘ಮಾಡು ಇಲ್ಲವೇ ಮಡಿ’ ದಾಳಿ. ಅಂಕ ತರದಿದ್ದರೆ ರೈಡರ್ ಔಟ್. ಆತುರಪಟ್ಟು ಕಾಲಿಗೆ ಹಾರಿದ ಒಬ್ಬ ಹುಡುಗ ಆರು ಮಂದಿಯ ತಾಳ್ಮೆಯನ್ನು ಕೆಡಿಸಿಬಿಡುತ್ತಾನೆ. ಈ ತಾಳ್ಮೆಯನ್ನು ಕಲಿಸಲು ಗುರು ಬೇಕು. ಓಟ, ಜಿಗಿತವನ್ನು ಹಳ್ಳಿಯ ಹುಡುಗ ತಾನಾಗಿಯೇ ಕಲಿತಾನು.

ನಮ್ಮ ಕಡೆಯ ಕೊರತೆ ಇಲ್ಲಿಯೇ ಇದೆ. ಮೊಬೈಲಿನಲ್ಲಿ ಪವನ್ ಅವರ ಜಿಗಿತ ನೋಡಿ ಅನುಕರಿಸುವ ಹುಡುಗರು ಬೇಕಾದಷ್ಟಿದ್ದಾರೆ. ಎದುರಾಳಿಯ ತೊಡೆಯನ್ನು ಎಲ್ಲಿ ಅಪ್ಪಬೇಕು, ಬಿದ್ದಾಗ ತನ್ನ ಮಂಡಿಯನ್ನು ಹೇಗೆ ಉಳಿಸಿಕೊಳ್ಳಬೇಕು ಎಂದು ಹೇಳಿಕೊಡುವವರಿಲ್ಲ. ಮಂಡಿ ತಿರುಚಿಕೊಂಡು ಇಪ್ಪತ್ತೆರಡಕ್ಕೇ ಆಟ ಬಿಟ್ಟು, ಈಗ ಟೊಮೆಟೊ ಕ್ರೇಟು ಹೊರಲೂ ಕುಂಟುವವರನ್ನು ನಾನು ಬಲ್ಲೆ.

2024ರ ಆವೃತ್ತಿಯಲ್ಲಿ ಪಟ್ಟಿಯ ಕೊನೆಗೆ ಕುಸಿದಿದ್ದ ಬೆಂಗಳೂರು ಬುಲ್ಸ್, 2025ರಲ್ಲಿ ರಮೇಶ್ ಅವರನ್ನು ಮುಖ್ಯ ತರಬೇತುದಾರರಾಗಿ ಕರೆತಂದಿತು. ಆ ವರ್ಷವೇ ತಂಡ ಪ್ಲೇಆಫ್ ತಲುಪಿತು. ಕೋಲ್ಕತ್ತ, ಪುಣೆಗಳು ಅವರಿಂದ ಕಪ್ ಪಡೆದ ಮೇಲೆ ನಮಗೆ ನೆನಪಾಯಿತೆನ್ನಿ. ಇರಲಿ. ಅಂಥವರ ಕೈಕೆಳಗೆ ಪಳಗಿದ ಒಬ್ಬ ಹಳೆಯ ಡಿಫೆಂಡರನನ್ನು ವರ್ಷಕ್ಕೆ ಒಂದು ತಿಂಗಳು ಹೋಬಳಿ ಮಟ್ಟಕ್ಕೆ ಕಳಿಸಲು ಎಷ್ಟು ಖರ್ಚಾದೀತು? ಪಂದ್ಯಾವಳಿಯ ಆರ್ಕೆಸ್ಟ್ರಾ ಮತ್ತು ಫ್ಲೆಕ್ಸ್‌ಗಳ ಲೆಕ್ಕವನ್ನು ಸಂಘಟಕರು ಒಮ್ಮೆ ಬಿಚ್ಚಿ ನೋಡಲಿ. ಈ ಸಲ ಒಕ್ಕಣೆ ಮುಗಿಯುವ ಮೊದಲೇ ಈ ಮಾತನ್ನು ಅವರ ಮುಂದಿಡಬೇಕೆಂದಿದ್ದೇನೆ.