ಒಂದು ಟಿಎಂಸಿಗೆ ಎಷ್ಟು ಬಿಂದಿಗೆ?

ಒಂಬತ್ತನೇ ತರಗತಿಗೆ ಅಳತೆಯ ಪಾಠ ಮಾಡುತ್ತಿದ್ದೆ. ಲೀಟರು, ಘನ ಮೀಟರು, ಘನ ಅಡಿ ಎಂದು ಬೋರ್ಡಿನ ಮೇಲೆ ಬರೆದು ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ‘ಸಾರ್, ಟಿಎಂಸಿ ಅಂತಾರಲ್ಲ, ಅದು ಎಷ್ಟು ಬಿಂದಿಗೆ ಸಾರ್?’

ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಅವನ ಅಪ್ಪನ ತೆಂಗಿನ ತೋಟದ ಬದುವಿನಲ್ಲಿ ಎತ್ತಿನಹೊಳೆ ಕಾಲುವೆಯ ಗುರುತಿನ ಕಲ್ಲು ನೆಟ್ಟಿರುವುದು ನನಗೆ ಗೊತ್ತಿತ್ತು. ಅಟ್ಟದ ಕೊಬ್ಬರಿ ಮಾರಿ ಮಕ್ಕಳನ್ನು ಓದಿಸುವ ಮನೆ ಅದು. ಪ್ರಶ್ನೆ ತಮಾಷೆಯದಾಗಿರಲಿಲ್ಲ.

ಲೆಕ್ಕ ಮಾಡಿದೆವು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಘನ ಅಡಿಗೆ 28.3 ಲೀಟರು. ಅಲ್ಲಿಗೆ ಒಂದು ಟಿಎಂಸಿ ಅಂದರೆ ಸುಮಾರು 2,830 ಕೋಟಿ ಲೀಟರು. ಹದಿನೈದು ಲೀಟರಿನ ಬಿಂದಿಗೆಯಾದರೆ ಹೆಚ್ಚೂಕಡಿಮೆ 189 ಕೋಟಿ ಬಿಂದಿಗೆ. ಹುಡುಗ ಬಾಯಿ ಬಿಟ್ಟುಕೊಂಡು ಕೂತ. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದ. ‘ಅಷ್ಟು ನೀರು ಅಲ್ಲಿ ಐತಾ ಸಾರ್?’

ವಿಜ್ಞಾನದ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕಿಲ್ಲ. ಮಾರನೆಯ ದಿನ ಅದನ್ನೂ ಬೋರ್ಡಿನ ಮೇಲೆ ಹಾಕಿದೆ.

ಎತ್ತಿನಹೊಳೆ ಯೋಜನೆ ಕಾಗದದ ಮೇಲೆ ಹೀಗಿದೆ: ಸಕಲೇಶಪುರದ ಬಳಿ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ ಎಂಟು ಕಡೆ ಒಡ್ಡು ಕಟ್ಟಿ, ಮಳೆಗಾಲದ ನಾಲ್ಕೂವರೆ ತಿಂಗಳಲ್ಲಿ 24.01 ಟಿಎಂಸಿ ನೀರನ್ನು ಮೇಲಕ್ಕೆತ್ತಿ, ಸುಮಾರು 250 ಕಿಲೋಮೀಟರಿನ ಕಾಲುವೆಯಲ್ಲಿ ಪೂರ್ವಕ್ಕೆ ಹರಿಸುವುದು. ಹದಿನಾಲ್ಕು ಟಿಎಂಸಿ ಕುಡಿಯಲು, ಉಳಿದ ಹತ್ತು ಕೆರೆ ತುಂಬಿಸಲು. ಕಾಲುವೆ ನಮ್ಮ ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯನ್ನು ಹಾದು ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಹೋಗುತ್ತದೆ.

ಆ ಹಳ್ಳಗಳಿಗೆ ನೀರು ಕೊಡುವ ಜಲಾನಯನ ಪ್ರದೇಶ ಸುಮಾರು 180 ಚದರ ಕಿಲೋಮೀಟರು. 24 ಟಿಎಂಸಿ ಎಂದರೆ 68 ಕೋಟಿ ಘನ ಮೀಟರು. ಅಷ್ಟು ನೀರನ್ನು ಅಷ್ಟು ನೆಲದ ಮೇಲೆ ಹರಡಿದರೆ ಮೂರೂಮುಕ್ಕಾಲು ಮೀಟರು ಆಳ ನಿಲ್ಲುತ್ತದೆ, ಅಂದರೆ ಸುಮಾರು 3,780 ಮಿಲಿಮೀಟರು. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಜಾಗ ನೋಡಿಕೊಂಡು ಮೂರರಿಂದ ಐದು ಸಾವಿರ ಮಿಲಿಮೀಟರು. ಬಿದ್ದ ಮಳೆಯಲ್ಲಿ ಕಾಡು ಕುಡಿಯಬೇಕು, ನೆಲ ಹೀರಬೇಕು, ಒಂದಿಷ್ಟು ಆವಿಯಾಗಬೇಕು, ಕೆಳಗಿನ ನೇತ್ರಾವತಿಗೂ ಪಾಲು ಹೋಗಬೇಕು. ಹಾಗಾದರೆ ಕಾಲುವೆಗೆ ಉಳಿಯುವುದೆಷ್ಟು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು 2015ರಲ್ಲಿ ಕೊಟ್ಟ ಅಂದಾಜು 9.55 ಟಿಎಂಸಿ. ಯೋಜನೆಯ ಕಡೆಯವರು ತಮ್ಮ ಅಂಕಿಯೇ ಸರಿ ಎನ್ನುತ್ತಾರೆ. ಯಾರು ಸರಿ ಎಂದು ತೀರ್ಪು ಕೊಡುವ ಅಧಿಕಾರ ನನ್ನ ಬಿಎಸ್ಸಿ ಪದವಿಗಿಲ್ಲ. ಒಂದು ಅಂಕಿ ಇನ್ನೊಂದರ ಎರಡೂವರೆ ಪಟ್ಟು ಇರುವಾಗ, ಎರಡನ್ನೂ ಎದುರಿಗಿಟ್ಟು ಜನರ ಮುಂದೆ ಪರೀಕ್ಷಿಸಬೇಕು ಎಂದು ಹೇಳಲು ಆ ಪದವಿ ಸಾಕು.

ಅಂಥ ಪರೀಕ್ಷೆಗೆ ಕಾನೂನಿನಲ್ಲಿ ಒಂದು ಏರ್ಪಾಡಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ನಡೆಯಬೇಕು. ಅದರ ಪ್ರಕಟಣೆ ಒಂದು ರಾಷ್ಟ್ರೀಯ ಪತ್ರಿಕೆಯಲ್ಲೂ ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲೂ ಬರಬೇಕು, ಜನರಿಗೆ ಕನಿಷ್ಠ 30 ದಿನ ಕೊಡಬೇಕು. ಆದರೆ ಆ ಪಟ್ಟಿಯಲ್ಲಿ ಇರುವುದು ವಿದ್ಯುತ್ ಮತ್ತು ನೀರಾವರಿ ಯೋಜನೆಗಳು. ಕುಡಿಯುವ ನೀರು ಅದರಲ್ಲಿಲ್ಲ. ಎತ್ತಿನಹೊಳೆ ಕುಡಿಯುವ ನೀರಿನ ಯೋಜನೆ ಎಂದು ಬರೆಸಿಕೊಂಡಿದ್ದರಿಂದ ಆ ಬಾಗಿಲಿನ ಮುಂದೆ ನಿಲ್ಲುವ ಪ್ರಮೇಯವೇ ಬರಲಿಲ್ಲ. ಹಸಿರು ನ್ಯಾಯಮಂಡಳಿಯೂ 2019ರಲ್ಲಿ ಆಕ್ಷೇಪವನ್ನು ತಳ್ಳಿಹಾಕಿತು. ಕಾನೂನಿನ ಮಾತು ಅಲ್ಲಿಗೆ ಮುಗಿಯಿತು. ನಮ್ಮ ಹುಡುಗನ ಪ್ರಶ್ನೆ ಮುಗಿಯಲಿಲ್ಲ.

2012ರಲ್ಲಿ 8,323 ಕೋಟಿ ರೂಪಾಯಿ ಇದ್ದ ಅಂದಾಜು 2014ರಲ್ಲಿ 12,912 ಕೋಟಿಯಾಯಿತು, 2023ರಲ್ಲಿ 23,251 ಕೋಟಿಯಾಯಿತು. 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ನೀರೆತ್ತುವ ಮೊದಲ ಹಂತದ ಉದ್ಘಾಟನೆಯಾಯಿತು. ಹಣದ ಅಂಕಿ ಇಷ್ಟು ಸಲ ಬದಲಾಗಿರುವಾಗ ನೀರಿನ ಅಂಕಿ ಮಾತ್ರ ದಶಾಂಶ ಬಿಂದುವಿನ ಸಮೇತ ಅಲ್ಲಾಡದೆ ಕೂತಿರುವುದು ಹೇಗೆ?

ಹೀಗೆ ಕೇಳಿದವರನ್ನು ಅಭಿವೃದ್ಧಿಯ ವಿರೋಧಿ ಎನ್ನುವುದು ವಾಡಿಕೆ. ಇನ್ನೂ ಮುಂದೆ ಹೋಗಿ, ಕೋಲಾರದ ಜನ ನೀರು ಕುಡಿಯಬಾರದೇ ಎಂದು ತಿರುಗಿ ಕೇಳುತ್ತಾರೆ. ಕುಡಿಯಬೇಕು, ಖಂಡಿತ ಕುಡಿಯಬೇಕು. ಸಾವಿರ ಅಡಿ ಕೊರೆಸಿ ಧೂಳು ಕಂಡ ಊರಿನವನು ನಾನು. ತೆಂಗಿನ ಸುಳಿ ಒಣಗುವುದನ್ನು ನೋಡಿದವನು ಯಾರ ಬಾಯಾರಿಕೆಯನ್ನೂ ಹಗುರ ಮಾಡಲಾರ. ಆದ್ದರಿಂದಲೇ ಕೇಳುತ್ತೇನೆ. ಬರುವ ನೀರು ಒಂಬತ್ತೂವರೆ ಪಾಲಾದರೆ, ಇಪ್ಪತ್ತನಾಲ್ಕು ಪಾಲು ನಂಬಿ ಕೂತ ಕೋಲಾರದವರಿಗೇ ಮೊದಲು ಮೋಸ.

ಕೇಳುವುದು ಎಲ್ಲಿ? ಹುಡುಗನ ಅಪ್ಪ ಕಾಲುವೆಯ ನಕ್ಷೆ ಕೇಳಲು ಒಂದು ಕಚೇರಿಗೆ ನಾಲ್ಕು ಸಲ ಅಲೆದರು. ಐದನೆಯ ಸಲ ನಾನೂ ಜೊತೆಗೆ ಹೋದೆ. ‘ನಿಮಗ್ಯಾಕೆ ಮೇಷ್ಟ್ರೇ ಇದೆಲ್ಲ, ಪಾಠ ಮಾಡ್ಕೊಂಡಿರಿ’ ಎಂದರು. ಒಬ್ಬ ಸ್ಥಳೀಯ ವರದಿಗಾರರಿಗೆ ಹೇಳಿದೆ. ಅವರು ಬಂದು, ಕಲ್ಲು ನೋಡಿ, ಬರೆದುಕೊಂಡು ಹೋದರು. ವರದಿ ಬರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ತಲೆ ತಗ್ಗಿಸಿ, ‘ಹಬ್ಬದ ಜಾಹೀರಾತಿನ ಸಮಯ ಸಾರ್’ ಎಂದರು. ಅವರನ್ನು ಬೈಯಲು ಮನಸ್ಸು ಬರಲಿಲ್ಲ. ನಮ್ಮ ಕಡೆಯ ಸಣ್ಣ ವರದಿಗಾರನ ಬಾಯಿ ಮುಚ್ಚಿಸಲು ಸೆನ್ಸಾರ್ ಅಧಿಕಾರಿ ಬೇಕಿಲ್ಲ. ಒಂದು ಜಾಹೀರಾತು, ಒಂದು ಮಾನನಷ್ಟದ ನೋಟೀಸು ಸಾಕು. 2024ರ ಜುಲೈಯಲ್ಲಿ ಹಳೆಯ ದಂಡಸಂಹಿತೆ ಹೋಗಿ ಹೊಸದು ಬಂದರೂ, ಎರಡು ವರ್ಷದವರೆಗೆ ಜೈಲಿಗೆ ಕಳಿಸಬಹುದಾದ ಮಾನನಷ್ಟದ ಅಪರಾಧ ಹಾಗೇ ಉಳಿದಿದೆ.

ಚೀನಾದಲ್ಲಿ ದಾಯ್ ಚಿಂಗ್ ಎಂಬ ಪತ್ರಕರ್ತೆ 1989ರಲ್ಲಿ ಯಾಂಗ್ತ್ಸೆ ನದಿಯ ತ್ರೀ ಗಾರ್ಜಸ್ ಅಣೆಕಟ್ಟನ್ನು ಪ್ರಶ್ನಿಸಿದ ತಜ್ಞರ ಮಾತುಗಳನ್ನು ಕೂಡಿಸಿ ಪುಸ್ತಕ ತಂದರು. ಪುಸ್ತಕ ನಿಷೇಧವಾಯಿತು, ಅದೇ ವರ್ಷ ಆಕೆ ಹತ್ತು ತಿಂಗಳ ಸೆರೆಗೂ ಹೋದರು. ನಮ್ಮದು ಆ ದೇಶವಲ್ಲ. ಸಂವಿಧಾನದ 19ನೇ ವಿಧಿಯಿದೆ, 2005ರ ಮಾಹಿತಿ ಹಕ್ಕಿದೆ. 2023ರ ದತ್ತಾಂಶ ಸಂರಕ್ಷಣಾ ಕಾಯಿದೆ ಆ ಹಕ್ಕಿನ ಒಂದು ಕಲಮನ್ನು ಬಿಗಿ ಮಾಡಿದೆ, ಆದರೂ ಬಾಗಿಲು ಮುಚ್ಚಿಲ್ಲ. ಹತ್ತು ರೂಪಾಯಿಯ ಅರ್ಜಿಯಲ್ಲಿ ಹುಡುಗನ ಅಪ್ಪನಿಗೆ ಕೊನೆಗೆ ನಕ್ಷೆ ಸಿಕ್ಕಿತು. ಕಾಲುವೆ ಅವರ ಮೂವತ್ತೆಂಟು ಮರಗಳ ಮೇಲೆ ಹೋಗುತ್ತದೆ. ಗೊತ್ತಾದ ಮೇಲೆ ದುಃಖ ಕಡಿಮೆಯಾಗಲಿಲ್ಲ, ಆದರೆ ಪರಿಹಾರದ ಸಭೆಯಲ್ಲಿ ಅವರು ಕೈಕಟ್ಟಿ ನಿಲ್ಲಲಿಲ್ಲ. ನಕ್ಷೆ ಬಿಚ್ಚಿ ಮಾತಾಡಿದರು.

ಬೆಳೆಗಾರರು ಹೀಗೆ ಲೆಕ್ಕ ಹಿಡಿದು ಮಾತಾಡಿದ್ದು ಇದೇ ಮೊದಲಲ್ಲ. 1981ರಲ್ಲಿ ಬೇಡ್ತಿ ವಿದ್ಯುತ್ ಯೋಜನೆ ಬಂದಾಗ ಶಿರಸಿಯ ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ತೋಟಗಾರ್ಸ್ ಸೇಲ್ ಸೊಸೈಟಿ ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಕರೆಸಿ ವಿಚಾರ ಸಂಕಿರಣ ನಡೆಸಿತು. ಲಾಭ ನಷ್ಟಗಳ ಲೆಕ್ಕ ಬಹಿರಂಗವಾಗಿ ಚರ್ಚೆಯಾಯಿತು. ಯೋಜನೆ ಆಗ ಹಿಂದೆ ಸರಿಯಿತು. ನಮ್ಮ ಚಿಕ್ಕನಾಯಕನಹಳ್ಳಿಯ ಕಡೆ ಅದಿರಿನ ಕೆಂಪು ಧೂಳು ತೆಂಗಿನ ಗರಿಯ ಮೇಲೆ ಕೂತದ್ದನ್ನು ಊರವರು ವರ್ಷಗಟ್ಟಲೆ ನೋಡಿದ್ದರು. ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ಮೇಲೆ ಸಮಾಜ ಪರಿವರ್ತನ ಸಮುದಾಯ ಹೂಡಿದ ದಾವೆ ಸುಪ್ರೀಂ ಕೋರ್ಟಿನಲ್ಲಿ ಬೆಳೆಯುತ್ತ ಹೋಗಿ, 2011ರ ಆಗಸ್ಟಿನಲ್ಲಿ ತುಮಕೂರು, ಚಿತ್ರದುರ್ಗದ ಗಣಿಗಳೂ ನಿಂತವು. ಊರವರು ಕಂಡದ್ದು ಕಾಗದಕ್ಕೆ ಇಳಿದಾಗಲೇ ಅದಕ್ಕೆ ಬಲ ಬಂದದ್ದು.

ಮೊನ್ನೆ ಆ ಹುಡುಗ ಮನೆಗೆ ಬಂದು ಅಟ್ಟದಿಂದ ಇಳಿಸಿದ ನಾಲ್ಕು ಕಾಯಿ ಕೊಟ್ಟು ಹೋದ. ಹನ್ನೊಂದು ತಿಂಗಳು ಅಟ್ಟದಲ್ಲಿದ್ದ ಕಾಯಿ ಒಳಗೆ ಕೊಬ್ಬರಿಯಾಗಿದೆಯೋ ಇಲ್ಲವೋ ತಿಳಿಯಲು ನಮ್ಮವರು ಏನು ಮಾಡುತ್ತಾರೆ ನಿಮಗೆ ಗೊತ್ತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಕೊಬ್ಬರಿ ಬಿಟ್ಟುಕೊಂಡಿದ್ದರೆ ಗಡಗಡ ಎನ್ನುತ್ತದೆ. ಅಲ್ಲಾಡಿಸಿ ನೋಡಿದರೆಂದು ಯಾವ ಕಾಯಿಯೂ ಕೆಟ್ಟದ್ದಿಲ್ಲ. ಸರ್ಕಾರದ ಅಂಕಿಯೂ ಹಾಗೆಯೇ. ಗಟ್ಟಿಯಾಗಿದ್ದರೆ ಅದಕ್ಕೆ ಭಯವೇಕೆ?